ಬಾರದೆ ಹೋದ ನೀರು

“ಗುರುಗಳೇ, ಕೊಟ್ಟವರ ಉಪಕಾರವನ್ನು ನೆನೆಯುವುದು ಹೇಗೆಂದು ತಿಳಿಯುತ್ತದೆ. ಆದರೆ ಬರಬೇಕಾಗಿದ್ದ ಕೇಡು ಬಾರದೆ ಹೋದಾಗ ಯಾರನ್ನು ನೆನೆಯಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಗುಡ್ಡದ ಬುಡದಲ್ಲಿ ಒಂದು ಪಟ್ಟಣವಿತ್ತು. ಅಲ್ಲಿಯ ನೇಕಾರರೆಲ್ಲ ತಗ್ಗಿನ ಓಣಿಯಲ್ಲಿ ಇದ್ದರು. ಜೋರು ಮಳೆಯಾದರೆ ಗುಡ್ಡದ ನೀರು ಮೇಲಿನ ಪೇಟೆಯನ್ನು ದಾಟಿ ಬಂದು ಆ ಓಣಿಯಲ್ಲಿ ನಿಲ್ಲುತ್ತಿತ್ತು. ಅವರದು ಕುಳಿಯಲ್ಲಿ ಕಾಲಿಟ್ಟು ಕುಳಿತು ನೇಯುವ ಮಗ್ಗ. ಮೊದಲು ತುಂಬುತ್ತಿದ್ದುದು ಆ ಕುಳಿಗಳೇ.

ಹಂಪವ್ವ ಎಂಬ ವಿಧವೆ ಆ ಓಣಿಯಲ್ಲಿ ನೇಯ್ದು ಬದುಕುತ್ತಿದ್ದಳು. ಮನೆಯಲ್ಲಿ ಅವಳ ಗಂಡನ ತಂದೆ ಒಬ್ಬನೇ. ಅವನ ಕಾಲುಗಳ ಸ್ವಾಧೀನ ತಪ್ಪಿತ್ತು. ಒಂದು ವರ್ಷ ಪಕ್ಕದ ಮನೆಯ ಮುದುಕಿ ಹಾಸಿಗೆಯಿಂದ ಏಳಲಾರದೆ ನೀರಿನಲ್ಲಿ ಸತ್ತಳು. ಅಂದಿನಿಂದ ಮೋಡ ಕಪ್ಪಾದರೆ ಸಾಕು, ಹಂಪವ್ವ ಮಗ್ಗ ಬಿಟ್ಟು ಎದ್ದು, ಮಾವನನ್ನು ಬೆನ್ನ ಮೇಲೆ ಹೊತ್ತು ಮೇಲಿನ ಪೇಟೆಯ ಕಟ್ಟೆಗೆ ಏರುತ್ತಿದ್ದಳು. ತಿರುಗಿ ಬರುವಷ್ಟರಲ್ಲಿ ಮಗ್ಗಕ್ಕೆ ಏರಿಸಿದ ನೂಲೆಲ್ಲ ಕೆಸರಾಗಿರುತ್ತಿತ್ತು.

ನೀರಿಗೆ ದಾರಿ ಮಾಡಲು ಒಬ್ಬ ಎಂಜಿನಿಯರ್ ಬಂದ. ಚರಂಡಿಯನ್ನು ಅಗಲ ಮಾಡಿದರೆ ಓಣಿಯ ಮನೆಗಳನ್ನೇ ಕೆಡವಬೇಕಾಗುತ್ತಿತ್ತು. ಆದ್ದರಿಂದ ಊರಿನ ಕೆಳಗೆ ಬಂಡೆಯಲ್ಲಿ ಸುರಂಗ ಕೊರೆದು, ಗುಡ್ಡದ ನೀರನ್ನು ಅದರೊಳಗಿಂದ ಹೊಳೆಗೆ ಸಾಗಿಸುವುದೆಂದು ನಿಶ್ಚಯಿಸಿದ. ನೀರು ಸುರಂಗಕ್ಕೆ ಇಳಿಯಲು ಒಂದು ದೊಡ್ಡ ಬಾಯಿ ಬೇಕಾಗಿತ್ತು. ಗುಡ್ಡದ ಎರಡು ಹಳ್ಳಗಳು ಕೂಡುವ ಜಾಗವೇ ಅದಕ್ಕೆ ಸರಿ. ಆ ಜಾಗ ಮೇಲಿನ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಅಡಿವೆಪ್ಪ ಎಂಬ ಎಣ್ಣೆ ವ್ಯಾಪಾರಿಯ ಹಿತ್ತಲಿನ ಕೊನೆಯಲ್ಲಿತ್ತು.

ಅಡಿವೆಪ್ಪನ ಮನೆ ದಿಬ್ಬದ ಮೇಲಿತ್ತು. ಅಲ್ಲಿಗೆ ನೀರು ಎಂದೂ ನುಗ್ಗಿರಲಿಲ್ಲ. ಎಂಜಿನಿಯರ್ ಅವನಿಂದ ಏನನ್ನೂ ಮುಚ್ಚಿಡಲಿಲ್ಲ. “ಬಂಡೆ ಒಡೆಯುವಾಗ ನಿಮ್ಮ ಬಾವಿಯ ಸೆಲೆ ತಪ್ಪಬಹುದು. ತಪ್ಪಿದರೆ ಮತ್ತೆ ಬರುವುದಿಲ್ಲ,” ಎಂದ.

“ತಗ್ಗಿನ ಓಣಿಗೆ ನೀರು ನುಗ್ಗುವುದು ನಿಲ್ಲುತ್ತದೆಯೇ?”

“ನಿಲ್ಲುತ್ತದೆ.”

ಆ ಬಾವಿ ಅಡಿವೆಪ್ಪನ ತಂದೆ ತೋಡಿಸಿದ್ದು. ಅವನು ಹೋಗಿ ಅದರೊಳಗೆ ಒಮ್ಮೆ ಬಗ್ಗಿ ನೋಡಿ ಬಂದ. “ಹಾಗಾದರೆ ಕೊರೆಯಿರಿ,” ಎಂದ.

ಕೆಲಸ ಬಹಳ ಕಾಲ ನಡೆಯಿತು. ಅಡಿವೆಪ್ಪನ ಮನೆಯ ಗೋಡೆಗಳು ಅದುರಿದವು. ಅಡುಗೆಯ ಪಾತ್ರೆಗಳಲ್ಲೂ ಕಲ್ಲಿನ ಪುಡಿ ಕೂತಿತು. ಕೊನೆಗೆ ಬಾವಿ ಬತ್ತಿತು. ಮಡದಿ ಅತ್ತಳು. ಅವನು ಬೀದಿಯ ನಲ್ಲಿಯಿಂದ ತಾನೇ ಕೊಡ ಹೊತ್ತು ತಂದ. ಓಣಿಯವರಿಗೆ ಇದೊಂದೂ ತಿಳಿಯಲಿಲ್ಲ.

ಸುರಂಗ ಮುಗಿದ ವರ್ಷ ಮೊದಲ ದೊಡ್ಡ ಮಳೆ ನಡುಹಗಲಲ್ಲಿ ಸುರಿಯಿತು. ಹಂಪವ್ವ ಎಂದಿನಂತೆ ಮಾವನನ್ನು ಹೊತ್ತು ಕಟ್ಟೆಗೆ ಬಂದು ಕುಳಿತಳು. ನೀರಿನ ಸದ್ದು ನೆಲದೊಳಗಿಂದ ಕೇಳುತ್ತಿತ್ತು. ಬೀದಿಯಲ್ಲಿ ನೀರು ಹರಿದು ಬರಲಿಲ್ಲ. ಮಳೆ ನಿಂತ ಮೇಲೆ ಆಕೆ ಒಬ್ಬಳೇ ಇಳಿದು ಹೋಗಿ ಬಾಗಿಲು ತೆರೆದಳು. ಮಗ್ಗದ ಕುಳಿಯೊಳಗೆ ಕೈ ಇಳಿಬಿಟ್ಟು ಮುಟ್ಟಿ ನೋಡಿದಳು. ಒಣಗಿತ್ತು. ಅಲ್ಲೇ ಕುಳಿತು ಅತ್ತಳು. ಆಮೇಲೆ ಮಾವನನ್ನು ಹೊತ್ತು ತಂದಳು. “ಇನ್ನು ನನ್ನನ್ನು ಹೊರಬೇಡ ಮಗಳೇ,” ಎಂದ ಮುದುಕ.

ಮಗ್ಗದಲ್ಲಿದ್ದ ಧೋತರವನ್ನು ನೇಯ್ದು ಮುಗಿಸಿ, ಆಕೆ ಅದನ್ನು ಎಂಜಿನಿಯರನ ಬಳಿ ಒಯ್ದಳು. ಅವನು ಕೈ ಚಾಚಲಿಲ್ಲ. “ನಾನು ಕಲಿತ ಕೆಲಸ ಮಾಡಿದೆ ತಾಯಿ. ಕಳೆದುಕೊಂಡದ್ದೇನೂ ಇಲ್ಲ. ಕಳೆದುಕೊಂಡವರು ಬೇರೆ ಇದ್ದಾರೆ,” ಎಂದು ಬಾವಿಯ ಸಂಗತಿಯನ್ನು ಹೇಳಿದ.

ಹಂಪವ್ವ ಅಡಿವೆಪ್ಪನ ಮನೆಗೆ ಹೋದಳು. ಬತ್ತಿದ ಬಾವಿಗೆ ಬಗ್ಗಿ ನೋಡಿದಳು. ಧೋತರವನ್ನು ಅವನ ಕಾಲಬಳಿ ಇಟ್ಟು ಕೈ ಮುಗಿದಳು.

ಅಡಿವೆಪ್ಪ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡ. “ಮಳೆ ಬಂದಾಗಲೆಲ್ಲ ನೀನು ಆ ಹಿರಿಯರನ್ನು ಹೊತ್ತು ನನ್ನ ಅಂಗಡಿಯ ಮುಂದೆ ಹಾಯುತ್ತಿದ್ದೆ ತಾಯಿ. ಆ ದಿನ ನನಗೆ ಊಟ ಸೇರುತ್ತಿರಲಿಲ್ಲ. ಈಗ ಮಳೆ ಬಂದರೂ ಹೊಟ್ಟೆತುಂಬ ಉಣ್ಣುತ್ತೇನೆ. ಕೈ ಮುಗಿಯಬೇಕಾದವನು ನಾನು,” ಎಂದ.

ಅವನ ಮಡದಿ ಚೊಂಬಿನಲ್ಲಿ ನಲ್ಲಿಯ ನೀರು ತಂದಳು. ಜೊತೆಗೆ ಬೆಲ್ಲದ ತುಂಡು ಇಟ್ಟು ಹಂಪವ್ವನಿಗೆ ಕೊಟ್ಟಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ಕೇಳಿದ: “ಹಂಪವ್ವನಿಗೆ ಅಡಿವೆಪ್ಪ ಸಿಕ್ಕಿದ. ನನ್ನ ಕೇಡನ್ನು ತಡೆದವರು ಯಾರೆಂದು ನನಗೆ ಗೊತ್ತೇ ಇಲ್ಲವಲ್ಲ?”

“ಆಕೆಗೂ ಗೊತ್ತಿರಲಿಲ್ಲ, ಆದರೂ ಧೋತರ ಹಿಡಿದು ಮನೆಯಿಂದ ಹೊರಟಿದ್ದಳು.”