ದ್ಯಾಮಣ್ಣ ಬೀಗರನ್ನ ತೊಳೆದದ್ದು

ನಿಮ್ಮ ಕಿವಿಗಷ್ಟ ಹೇಳತೀನಿ, ಮಂದಿ ಮುಂದ ಆಡಬ್ಯಾಡ್ರಿ. ಆಡಿದ್ರೂ ನನ್ನ ಹೆಸರು ತಗೀಬ್ಯಾಡ್ರಿ. ಹಾಲು ಮಾರೋ ಹುಲಿಗೆವ್ವಗ ಒಬ್ಬಾವ ಮಗ, ದ್ಯಾಮಣ್ಣ. ಹೇಳಿದ್ದನ್ನ ಹೇಳಿದಂಗ ಮಾಡಾವ. ಅದ ಅವನ ದೊಡ್ಡ ರೋಗ. ಇನ್ನೊಂದು ಹೊಟ್ಟೀದು. ಚಪಾತಿ ತಿಂದ್ರ ನೀರಿನ ಚರಗಿ ಹಿಡಕೊಂಡು ಬೈಲಕಡಿಗೆ ಓಡತಿದ್ದ, ಉಪ್ಪಿಟ್ಟು ತಿಂದ್ರ ಚರಗಿ ಹಿಡಕೊಂಡು ಓಡತಿದ್ದ, ಗೋದಿ ಹುಗ್ಗಿ ಉಂಡ್ರ ಚರಗಿ ಹುಡುಕಾಕೂ ಯಾಳ್ಯಾ ಇರತಿದ್ದಿಲ್ಲ! ಮೈ ಒಣಗಿ ಜ್ವಾಳದ ದಂಟು, ಹೊಟ್ಟಿ ಉಬ್ಬಿ ಡೊಳ್ಳು. ಹೆಣ್ಣಿನವರು ಬರೋರು, ನೋಡೋರು, ಚಾ ಕುಡದು ಎದ್ದು ಹೋಗೋರು.

ಹುಲಿಗೆವ್ವ ಅತ್ತಳು. "ಹೊಟ್ಟಿ ನೆಟ್ಟಗಾಗೂತನಕ ನಿನಗ ಹೆಣ್ಣಿಲ್ಲ, ನನಗ ಸೊಸಿ ಇಲ್ಲ! ಪ್ಯಾಟಿಗೆ ಹೋಗೋ. ಎಲ್ಲಿ ಬಾಳ ಮಂದಿ ಕುಂತಿರತಾರ, ಅಲ್ಲಿ ಛಲೋ ಡಾಕ್ಟರ್ ಇರತಾರ. ಅಲ್ಲೇ ಪಾಳೆ ಹಚ್ಚು."

ಹೋದ. ಒಂದು ದವಾಖಾನಿ ಮುಂದ ಕಾಲಿಡಾಕ ಜಾಗಾ ಇಲ್ಲ, ಅಷ್ಟು ಮಂದಿ. ಎಲ್ಲಾರೂ ಬಸುರ ಹೆಂಗಸರು. ನಡುವ ಹೋಗಿ ಕುಂತ. ನರ್ಸ್ ಬಂದಳು.

"ಏನ್ರೀ, ಹೆಣ್ತಿ ಎಲ್ಲಿ?"

"ಹೆಣ್ತಿ ಬರಬೇಕಂದ್ರ ಮೊದಲು ಈ ಹೊಟ್ಟಿ ಇಳೀಬೇಕ್ರೀ!"

ಬಸುರ ಹೆಂಗಸರು ನಕ್ಕ ನಗಿಗೆ ಒಬ್ಬಾಕಿಗೆ ಅಲ್ಲೇ ಹೆರಿಗಿ ಬ್ಯಾನಿ ಸುರು ಆದವಂತ. ಇವ ಹೊಳ್ಳಿ ಮನಿಗೆ ಬಂದು ಅವ್ವಗ ಹೇಳಿದ.

"ಅಯ್ಯ ನನ್ನ ಹಣೆಬಾರ!" ಅಂದಳು ಹುಲಿಗೆವ್ವ.

"ನೀನ ಹೇಳಿದ್ದೆಲ್ಲವ್ವಾ!"

"ಹೊಟ್ಟಿ-ಕರಳು ನೋಡೋ ಡಾಕ್ಟರ್ ಯಾರಂತ ಕೇಳಿ ಹೋಗಬೇಕಲೇ! ಹೋಗಿ, ಅವರ ಮುಂದ ಏನೂ ಮುಚ್ಚಿಡಬ್ಯಾಡ. ಇದ್ದದ್ದೆಲ್ಲಾ ಹೇಳು."

ಹೋದ. ಕೇಳಿಕೋತ ಕೇಳಿಕೋತ ಕರಳಿನ ಡಾಕ್ಟರನ್ನ ಹುಡುಕಿದ. ಡಾಕ್ಟರಮ್ಮ, "ಏನಾಗೇತಿ?" ಅಂದಳು. ಇವ ಇದ್ದದ್ದೆಲ್ಲಾ ಹೇಳಿದ! "ನಮ್ಮವ್ವ ಹಾಲಿಗೆ ನೀರು ಬೆರಸ್ತಾಳ್ರೀ. ಚೇರ್ಮನ್ ಗದಿಗೆಪ್ಪನ ಶಲ್ಯ ಟೇಲರ್ ಹೆಣ್ತಿ ಹಿತ್ತಲದಾಗ ಒಣಗತಿರತೈತ್ರೀ." ಅದು ಖರೇನ ಬಿಡ್ರಿ, ಹಸರು ಅಂಚಿನ ಶಲ್ಯ, ನಾನೂ ನೋಡೀನಿ. ಆದ್ರ ಅದನ್ನ ಡಾಕ್ಟರ್ ಮುಂದ ಹೇಳತಾರೇನ್ರೀ? ಹೊರಗ ಪಾಳೇದಾಗ ನಮ್ಮೂರವರ ಕುಂತಿದ್ರು!

ಡಾಕ್ಟರಮ್ಮ ತಲಿ ಹಿಡಕೊಂಡು ರಕ್ತ ತಗಸಿದಳು, ಬಾಯಾಗ ನಳಗಿ ಬಿಟ್ಟು ಕರಳು ನೋಡಿದಳು. "ಇದಕ್ಕ ಸೀಲಿಯಾಕ್ ಅಂತಾರಪಾ. ಗೋದಿ ನಿನ್ನ ಕರಳಿಗೆ ವಿಷ. ಚಪಾತಿ, ರವಾ, ಮೈದಾ, ಬ್ರೆಡ್ಡು, ಯಾವುದೂ ಬ್ಯಾಡ. ಜ್ವಾಳ, ಅಕ್ಕಿ, ರಾಗಿ ಉಣ್ಣು. ಇದಕ್ಕ ಗುಳಿಗಿ ಇಲ್ಲ. ಜಲ್ಮ ಇರೂತನಕ ಪಥ್ಯಾನ ಔಷಧ."

ಇವ ಊರಿಗೆ ಬರೂದ್ರೊಳಗ ಸುದ್ದಿ ಬಂದಿತ್ತು. ಚೇರ್ಮನ್ ಮನ್ಯಾಗ ತಾಟು ಹಾರಿದ್ವು. ಹುಲಿಗೆವ್ವನ ಹಾಲು ಯಾರೂ ಕೊಳ್ಳದ ಕೊಡದಾಗನ ಉಳೀತು.

"ಅಯ್ಯ ನನ್ನ ಹಣೆಬಾರ!"

"ನೀನ ಹೇಳಿದ್ದೆಲ್ಲವ್ವಾ!"

"ಊರ ಸುದ್ದಿ ಸುಡು! ಇನ್ನ ನೀ ಗೋದಿ ಮುಟ್ಟಬ್ಯಾಡ. ಮುಗೀತು."

ಸಾಹುಕಾರ್ರ ಮನ್ಯಾಗ ಕೂಸಿನ ತೊಟ್ಟಲಾ ಕಾರ್ಯ ಬಂತು. ಗೋದಿ ಹುಗ್ಗಿ, ಮ್ಯಾಲೆ ತುಪ್ಪ. ದ್ಯಾಮಣ್ಣ ಕಿಸೆದಿಂದ ಚಮಚಾ ತಗದ. ಒಂದು ಕೈ ಬೆನ್ನ ಹಿಂದ, ಇನ್ನೊಂದು ಕೈಯಾಗ ಚಮಚಾ. ಗಬಗಬ ಉಂಡ! ಮರುದಿನ ಚರಗಿ ಕೈಯಿಂದ ಕೆಳಗ ಇಳೀಲಿಲ್ಲ.

"ಮುಟ್ಟಿಲ್ಲವ್ವಾ! ನಿನ್ನಾಣಿ, ಬೆರಳ ಸೈತ ಹಚ್ಚಿಲ್ಲ!"

"ಅಯ್ಯ ನನ್ನ ಹಣೆಬಾರ! ಬಾಯಿ ಮುಟ್ಟಿತಲ್ಲೋ ಕ್ವಾಣಾ! ಗೋದಿ ಹಿಟ್ಟು ಹತ್ತಿದ ಹಂಚಿನ ಮ್ಯಾಲೆ ಮಾಡಿದ ರೊಟ್ಟಿ ಸೈತ ನಿನಗ ಆಗಾಣಿಲ್ಲ. ಹೊರಗ ಉಂಡ್ರ, ಹಂಚು ತೊಳಸಿ ಉಣ್ಣು!"

ಪ್ಯಾಟಿ ಖಾನಾವಳಿಗೆ ಹೋದ. ಸೀದಾ ಒಲಿ ಮುಂದ ನಿಂತ. "ಅಕ್ಕಾರ, ಹಂಚು ತೊಳೀರಿ!" ತೊಳದಳು. "ಇನ್ನೊಮ್ಮೆ!" ಬೈಕೋತ ತೊಳದಳು. ಹಂಚು ಲಕಲಕ ಅಂತು. ದ್ಯಾಮಣ್ಣ ಚಕ್ಕಳಮಕ್ಕಳ ಹಾಕಿ ಕುಂತು, "ಈಗ ನಾಕು ಚಪಾತಿ ಕೊಡ್ರಿ!" ಅಂದ.

ಮನಿಗೆ ಹೊಟ್ಟಿ ಹಿಡಕೊಂಡು ಬಂದ. ಅವ್ವ ಕಸಬರಗಿ ಹಿಡಕೊಂಡು ನಿಂತಳು.

"ಅಯ್ಯ ನನ್ನ ಹಣೆಬಾರ! ತೊಳದ ಹಂಚಿಗೆ ಗೋದಿನ ಹಾಕಿಸಿದೇನೋ? ರೊಟ್ಟಿ ಕೇಳೋ, ರೊಟ್ಟಿ! ಕಿವಿಗೊಟ್ಟು ಕೇಳು. ಯಾರ ಮನ್ಯಾಗ ಆಗಲಿ, ಗೋದಿ ಹಿಟ್ಟು ಹತ್ತಿದ್ದು ಏನ ಕಾಣಲಿ, ಮೊದಲು ನೀರು ಹಾಕಿ ತೊಳಿ. ಒಂದು ಕಣಾ ಉಳೀಬಾರದು. ಆಮ್ಯಾಲೆ ತಾಟಿಗೆ ಕೈ ಹಾಕು!"

ಈ ಮಾತು ಒಂದು ತಲಿಗೆ ಹತ್ತಿತು. ಮನ್ಯಾಗ ಜ್ವಾಳದ ರೊಟ್ಟಿ, ಅನ್ನ, ಮಜ್ಜಿಗಿ. ಮಳಿಗಾಲ ಮುಗಿಯೂದ್ರಾಗ ಹೊಟ್ಟಿ ಇಳೀತು, ಗಲ್ಲ ತುಂಬಿದ್ವು. ಚರಗಿ ಗೂಡಿನ್ಯಾಗ ತಣ್ಣಗ ಕುಂತಿತು. ಅಂಥಾದ್ರಾಗ ಹಿಟ್ಟಿನ ಗಿರಣಿ ಅಂದಾನಪ್ಪನ ಮಗಳು ಫಕೀರವ್ವನ ಕಡೆಯಿಂದ ಲಗ್ನದ ಮಾತು ಬಂತು. ಹುಲಿಗೆವ್ವಗ ಕಾಲು ನೆಲಕ್ಕ ನಿಲ್ಲವಲ್ವು. ಹೆಣ್ಣು ನೋಡೋ ಮನ್ಯಾಗ ಉಪ್ಪಿಟ್ಟು, ಶಿರಾ ತಪ್ಪೂದಿಲ್ಲ, ಎರಡೂ ಗೋದಿ ರವಾದ್ದು! ಅದಕ್ಕ ಮೊದಲ ಹೇಳಿ ಕಳಿಸಿದಳು: "ನಮ್ಮ ಹುಡಗಗ ಗೋದಿ ಆಗಾಣಿಲ್ಲ, ಅವಲಕ್ಕಿ ಮಾಡ್ರಿ."

ಪಾಪ, ಅವರು ಹೊಸಾ ಬುಟ್ಟಿ ತಗೊಂಡು, ಬ್ಯಾರೆ ಬೋಗುಣಿ ಇಟ್ಟು ಅವಲಕ್ಕಿ ಮಾಡಿದ್ರು. ಹುಡುಗಿ ಬಂದಳು, ಕುಂತಳು, ಲಕ್ಷಣಾದ ಹುಡುಗಿ. ಎಲ್ಲಾ ಸುಸೂತ್ರ! ಅಷ್ಟರಾಗ ಗಿರಣಿಯಿಂದ ಅಂದಾನಪ್ಪ ಓಡಿಕೋತ ಬಂದ. ತಲಿ ಬೆಳ್ಳಗ, ಹುಬ್ಬು ಬೆಳ್ಳಗ, ಮೀಸಿ ಬೆಳ್ಳಗ.

"ತಡಾ ಆತ್ರಿ, ಲಗ್ನದ ಮನಿ ಗೋದಿ ಬೀಸೂದಿತ್ತು. ತಗೋರಿ ಅಳಿಯಂದ್ರ, ಅವಲಕ್ಕಿ!" ಅಂತ ತಾನ ತಾಟು ಎತ್ತಿ ಕೊಡಾಕ ಬಂದ.

ದ್ಯಾಮಣ್ಣ ತಾಟು ನೋಡಿದ. ಅಂದಾನಪ್ಪನ್ನ ನೋಡಿದ. ಎದ್ದ! ಬೀಗರ ಕಾಲಿಗೆ ನೀರು ಕೊಡಾಕ ಬಾಗಲದಾಗ ಇಟ್ಟಿದ್ದ ಕೊಡಾ ಎತ್ತಿ ಅಂದಾನಪ್ಪನ ನೆತ್ತಿ ಮ್ಯಾಲೆ ಸುರುವಿದ! ಹಿಟ್ಟಿಗೆ ನೀರು ಬಿದ್ರ ಏನಾಗತೈತಿ? ಅಂದಾನಪ್ಪ ನಿಂತಲ್ಲೇ ಕಣಕ ಆದ.

ಹುಲಿಗೆವ್ವ ಸೆರಗು ಬಾಯಿಗೆ ತುರುಕೊಂಡಳು. ಹೋತು, ಸೊಸಿ ಹೋದಳು! ಅಷ್ಟರಾಗ ಫಕೀರವ್ವ ಕಿಲಕಿಲ ನಕ್ಕಳು. "ಅಪ್ಪಾ, ಅವ್ವ ಬಡಕೊಂಡು ಬಡಕೊಂಡು ಸಾಕಾದಳು, ನೀ ಒಂದಿನಾ ಮೈ ತೊಳಕೊಂಡು ಮನ್ಯಾಗ ಬರಲಿಲ್ಲ. ಇವರು ಬಂದ ದಿನಾನ ತೊಳದ್ರು. ನನಗ ಒಪ್ಪಿಗಿ!"

ಒಬ್ಬಾಕಿ ಮಗಳು, ಅಂದಾನಪ್ಪನೂ ಕರಗಿದ. "ಆಗಲಿ ಬಾರಪಾ ಅಳಿಯಾ!" ಅಂತ ಗಟ್ಟಿಯಾಗಿ ತೆಕ್ಕಿಗೆ ಬಿದ್ದ.

ದ್ಯಾಮಣ್ಣ ತನ್ನ ಮೈ ನೋಡಿಕೊಂಡ. ಅಂಗಿ ತುಂಬ ಕಣಕ. ಧೋತ್ರದ ತುಂಬ ಕಣಕ.

"ಲೇ ಬ್ಯಾಡೋ! ದ್ಯಾಮಣ್ಣಾ, ಬ್ಯಾಡೋ!" ಅಂತ ಅವ್ವ ಚೀರೂದ್ರೊಳಗ ಅಂಗಿ ಹೋತು. ಧೋತ್ರ ಹೋತು. ಉಳದದ್ದೂ ಹೋತು! ಬೀಗರು, ಬಿಜ್ಜರು, ಮಾತು ತಂದ ಶೆಟ್ರು, ಎಲ್ಲಾರ ಮುಂದ ಅಂಗಳದ ನಳದ ಬುಡಕ್ಕ ಕುಂತು ತಿಕ್ಕಿ ತಿಕ್ಕಿ ತೊಳಕೊಂಡ. ಹೆಣ್ಣು ನೋಡಾಕ ಹೋದಾವ ತನ್ನನ್ನ ಪೂರಾ ತೋರಿಸಿ ನಿಂತ!

ಹುಡುಗಿ ಅಜ್ಜಿ ಕಣ್ಣು ಮುಚ್ಚಿಕೊಂಡಳು, ಬೆರಳಿನ ಸಂದಿ ಮಾತ್ರ ಮುಚ್ಚಲಿಲ್ಲ. "ಇಷ್ಟು ನೋಡಿದ ಮ್ಯಾಲೆ ಇನ್ನ ಹುಡುಗೀನ ಬ್ಯಾರೆ ಯಾರಿಗೆ ಕೊಡಾಕ ಬರತೈತಿ? ಲಗೂನ ಮುಹೂರ್ತ ತಗಸ್ರಿ!"

ದ್ಯಾಮಣ್ಣ ತೊಪತೊಪ ಸೋರಿಕೋತ ನಡಮನಿಗೆ ಬಂದ, ಎಲ್ಲಾರ ನಡುವ ಕುಂತ, ಎರಡೂ ಕೈ ಚಾಚಿದ.

"ಈಗ ಕೊಡ್ರಿ ಅವಲಕ್ಕಿ!"