ಊದಾನ್ ಕೋಳಿಗೆ ಜುಟ್ಟು ಬಂದದ್ದು

ಭೂಮಿ ಇನ್ನೂ ಹೊಸದಾಗಿದ್ದಾಗ, ನದಿಗಳಿಗೆ ಎತ್ತ ಹರಿಯಬೇಕು ಅನ್ನೋದೇ ಸರಿಯಾಗಿ ಗೊತ್ತಿರಲಿಲ್ಲ ಕಣೇ ಭಾಗಿ. ಆಗ ಈ ಊದಾನ್ ಕೋಳಿಗೆ ಜುಟ್ಟೂ ಇರಲಿಲ್ಲ. ಹಿಂದಿನಿಂದ ಹೋಗಿ ಗಬಕ್ಕನೆ ಹಿಡಿಯೋ ನಿನ್ನಂಥ ಮೊಮ್ಮಕ್ಕಳೂ ಇರಲಿಲ್ಲ. ಪಾಪ, ಅದರ ಎದೆ ಹೇಗೆ ಬಡ್ಕೊಳ್ತಿದೆ ನೋಡು. ಬಿಡು ಅದನ್ನ, ಇಲ್ಲಿ ಕೂತ್ಕೊಂಡು ಕೇಳು.

ದೂರದ ಫ್ರಾನ್ಸ್ ದೇಶದ ಊದಾನ್ ಅನ್ನೋ ಊರಲ್ಲಿ, ಒಂದು ನದಿಯ ದಡದಲ್ಲಿ, ಕಪ್ಪು ಮೈಮೇಲೆ ಬಿಳಿ ಚುಕ್ಕೆಯ, ಈ ಜಾತಿಯ ಮೊದಲನೇ ಕೋಳಿ ಇತ್ತು. ಅದಕ್ಕಿದ್ದದ್ದು ಒಬ್ಬಳೇ ಗೆಳತಿ, ಕಾಡುಬಾತು. ಇಬ್ಬರೂ ಕತ್ತಿಗೆ ಕತ್ತು ತಾಗಿಸಿ ಬಿಸಿಲು ಕಾಯಿಸಿಕೊಳ್ತಿದ್ದರು.

ಚಳಿಗಾಲ ಬಂತು. "ನಾನು ಬಿಸಿಲಿರೋ ನಾಡಿಗೆ ಹೋಗ್ತೀನಿ ಕಣೇ. ಹೂ ಬಿಡೋ ಹೊತ್ತಿಗೆ ಬಂದ್ಬಿಡ್ತೀನಿ," ಅಂತು ಬಾತು.

"ನನ್ನನ್ನೂ ಕರ್ಕೊಂಡು ಹೋಗೇ," ಅಂತು ಕೋಳಿ. ಹೇಗೆ ಕರ್ಕೊಂಡು ಹೋಗುತ್ತೆ? ಕೋಳಿಗೆ ಬೇಲಿ ಹಾರೋದೇ ದೊಡ್ಡ ಸಾಹಸ.

ಬಾತು ಹೋಯ್ತು. ಕೋಳಿ ಆಕಾಶ ನೋಡ್ತು. ಮಾರನೇ ದಿನವೂ ನೋಡ್ತು. ಅದರ ಮಾರನೇ ದಿನವೂ ನೋಡ್ತು. ಬರೀ ಖಾಲಿ. ಒಂದು ಕಾಳೂ ಗಂಟಲಲ್ಲಿ ಇಳೀಲಿಲ್ಲ.

"ಗಾಳಿಯಣ್ಣಾ, ಈ ಖಾಲಿ ಆಕಾಶ ನೋಡೋಕೆ ನನ್ನ ಕೈಲಾಗಲ್ಲ. ಕಣ್ಣಿಗೆ ಏನಾದ್ರೂ ಮರೆ ಮಾಡು," ಅಂತು.

"ಮಾಡ್ತೀನಿ. ಆದ್ರೆ ಕೊಟ್ಟಿದ್ದನ್ನ ವಾಪಸ್ ತೆಗೆಯೋದು ನನಗೆ ಬರಲ್ಲ. ಯೋಚ್ನೆ ಮಾಡು," ಅಂತು ಗಾಳಿ.

ದುಃಖದಲ್ಲಿದ್ದವರು ಎಲ್ಲಿ ಯೋಚ್ನೆ ಮಾಡ್ತಾರೆ? ಹೂಂ ಅಂದುಬಿಡ್ತು. ಗಾಳಿ ದಡದಲ್ಲಿ ಬಿದ್ದಿದ್ದ ಗರಿಗಳನ್ನೆಲ್ಲ ಗುಡಿಸಿ ತಂದು ಅದರ ತಲೆಗೆ ನೆಟ್ಟಿತು. ಗರಿ ಕಣ್ಣ ಮೇಲೆ ಇಳೀತು, ಆಕಾಶ ಕಾಣದೇ ಹೋಯ್ತು. ಕೋಳಿಗೆ ಸ್ವಲ್ಪ ಹಾಯೆನಿಸ್ತು.

ಹೂ ಬಿಟ್ಟಾಗ ಬಾತು ಬಂತು, ಹೇಳಿದ ಹಾಗೇ. ಸದ್ದಿಲ್ಲದೆ ಹಿಂದಿನಿಂದ ಬಂದು ಕತ್ತಿಗೆ ಕತ್ತು ತಾಗಿಸ್ತು. ಕೋಳಿಗೇನು ಕಾಣುತ್ತೆ? ನರಿಯೇ ಬಂತು ಅಂತ ಕಿರುಚಿಕೊಂಡು ಪೊದೆಯೊಳಗೆ ನುಗ್ಗಿತು.

"ನನ್ನನ್ನ ಮರೆತೇಬಿಟ್ಟಿದ್ದಾಳೆ," ಅಂದುಕೊಂಡ ಬಾತು ಅಲ್ಲಿ ನಿಲ್ಲಲಿಲ್ಲ. ಮೇಲಕ್ಕೆ ಹಾರಿ, ಒಂದೇ ಒಂದು ಸಲ ಕೂಗಿತು. ದನಿ ಗುರುತಾಗಿ ಕೋಳಿ ಓಡಿ ಬಂತು, ಕತ್ತೆತ್ತಿತು. ಗರಿ ಬಿಟ್ಟು ಬೇರೇನೂ ಕಾಣಲಿಲ್ಲ. ಬಾತು ಮತ್ತೆ ಆ ದಡಕ್ಕೆ ಬರಲೇ ಇಲ್ಲ.

ಅದಕ್ಕೇ ಇವತ್ತಿಗೂ ಊದಾನ್ ಕೋಳಿಯ ಜುಟ್ಟು ಕಣ್ಣಿಗೆ ಬೀಳುತ್ತೆ. ಮಳೇಲಿ ನೆನೆಯದ ಹಾಗೆ ನೋಡ್ಕೊಳ್ತೀನಿ, ಆಗಾಗ ತುದಿ ಕತ್ತರಿಸ್ತೀನಿ, ಅಷ್ಟೇ ನನ್ನ ಕೈಲಾಗೋದು. ಹತ್ತಿರ ಹೋಗೋಕೆ ಮುಂಚೆ ಮಾತಾಡಿಸಬೇಕು. ಮಾತಾಡಿಸಿ ನೋಡು, ಓಡಲ್ಲ. ತಲೆ ವಾರೆ ಮಾಡಿ ಕೇಳುತ್ತೆ. ನಿನ್ನದು ಆ ದನಿಯಲ್ಲ ಅಂತ ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತೆ.