ಕೆಂಪು ಹರಳಿನ ಗುಂಡು

"ಗುರುಗಳೇ, ದಿನಾ ನಮ್ಮ ಮನಸ್ಸನ್ನು ನಾವೇ ಪರೀಕ್ಷೆ ಮಾಡಿಕೊಳ್ಳಬೇಕು ಅಂತೀರಲ್ಲ, ಅದು ನನಗೂ ಬೇಕೇ?" ಎಂದು ಚನ್ನವೀರ ಕೇಳಿದ. "ನನ್ನ ಮನಸ್ಸು ಅಲುಗದ ಕಲ್ಲು. ಆಳನ್ನು ಕಂಡ ಕೂಡಲೇ ಅಳೆದುಬಿಡುತ್ತೇನೆ. ಅಕ್ಕಿ ಚೀಲ ಕದ್ದ ಅಡುಗೆಯವನನ್ನು ನಿನ್ನೆ ಮಠದಿಂದ ಹೊರಗಟ್ಟಿದವನು ನಾನೇ ಅಲ್ಲವೇ?"

ಗುರುಗಳು ಹೇಳಿದರು:

ಒಂದು ಕಾರ್ಖಾನೆಯಲ್ಲಿ ಒಬ್ಬ ಅಳತೆಗಾರನಿದ್ದ. ಅವನ ಯಂತ್ರಕ್ಕೊಂದು ಸಣ್ಣ ಕಡ್ಡಿ, ಕಡ್ಡಿಯ ತುದಿಗೆ ಸಾಸಿವೆಯಷ್ಟು ಗುಂಡು. ಲೋಹದಲ್ಲಿ ಕೊರೆದ ರಂಧ್ರದ ಒಳಗನ್ನು ಆ ಗುಂಡು ಮುಟ್ಟಿ ಹೇಳಿದ್ದೇ ಅಳತೆ.

ಹೊಸ ಗುಂಡು ಬೇಕಾಯಿತು. ವ್ಯಾಪಾರಿ ಕೇಳಿದ, "ಯಾವ ಲೋಹದ ಮೇಲೆ ಓಡಿಸುತ್ತೀರಿ ಸ್ವಾಮಿ?"

"ಅಲ್ಯೂಮಿನಿಯಂ."

"ಹಾಗಾದರೆ ಈ ಕಪ್ಪು ಸೆರಾಮಿಕ್ ಗುಂಡು ಒಯ್ಯಿರಿ. ಕೆಂಪು ಹರಳಿನ ಗುಂಡಿಗಾದರೆ ಅಲ್ಯೂಮಿನಿಯಂ ಮೆತ್ತಿಕೊಳ್ಳುತ್ತದೆ."

ಅಳತೆಗಾರ ನಕ್ಕ. "ಮೆತ್ತಿಕೊಳ್ಳಲು ಅದೇನು ಹಲಸಿನ ಮೇಣವೇ? ಆ ಮಸಿಗುಂಡು ನೀನೇ ಇಟ್ಟುಕೊ. ನನಗೆ ಹರಳು ಕೊಡು."

ಕೆಲಸಕ್ಕೆ ಮೊದಲು ಗುಂಡನ್ನು ಅಳತೆ ಗೊತ್ತಿರುವ ಒಂದು ಪ್ರಮಾಣಗೋಳಕ್ಕೆ ಮುಟ್ಟಿಸಿ, ಸರಿಯಿದೆಯೇ ಎಂದು ನೋಡುವುದು ಅಲ್ಲಿಯ ಪದ್ಧತಿ. ಅಳತೆಗಾರ ಅದನ್ನು ಬಿಟ್ಟ. ಸವೆಯದ ಹರಳಿಗೆ ಯಾತರ ಪರೀಕ್ಷೆ ಎಂದ.

ಹರಳು ಸವೆಯಲಿಲ್ಲ. ಬೆಳೆಯಿತು. ಉಜ್ಜಿದ ಲೋಹ ಪದರ ಪದರವಾಗಿ ಅದಕ್ಕೆ ಮೆತ್ತಿತು. ದಪ್ಪಗಾದ ಗುಂಡಿಗೆ ಸರಿಯಾದ ರಂಧ್ರವೂ ಕಿರಿದಾಗಿ ಕಂಡಿತು.

ರಂಧ್ರ ಕೊರೆಯುವ ಲೇತಿನವನನ್ನು ಕರೆಸಿದ. "ಏನಯ್ಯಾ, ಕೈಗೆ ಲಕ್ವ ಹೊಡೆದಿದೆಯೇ? ಒಂದೂ ಸರಿಯಿಲ್ಲ."

"ಎಂದಿನಂತೆಯೇ ಕೊರೆದಿದ್ದೇನಲ್ಲ ಅಣ್ಣಾ."

"ನಿನ್ನ ಕೈ ದೊಡ್ಡದೋ, ನನ್ನ ಹರಳು ದೊಡ್ಡದೋ?"

ಅಳತೆಗಾರ ಮಾಲೀಕನಿಗೆ ದೂರು ಕೊಟ್ಟ. ಮಾಲೀಕ ಲೇತಿನವನನ್ನು ಕೆಲಸದಿಂದ ತೆಗೆದ.

ಅವನ ಜಾಗಕ್ಕೆ ಇನ್ನೊಬ್ಬ ಬಂದ. ಅವನ ರಂಧ್ರವೂ ಅಷ್ಟೇ ಕಿರಿದಾಗಿ ಕಂಡಿತು. ಆಗ ಅಳತೆಗಾರ ಗುಂಡನ್ನು ಭೂತಗನ್ನಡಿಯ ಕೆಳಗೆ ಹಿಡಿದ. ಕೆಂಪಿನ ಮೇಲೆ ಬೆಳ್ಳಗಿನ ಹಕ್ಕಳೆ ಕಟ್ಟಿತ್ತು.

ಕಪ್ಪು ಗುಂಡು ತಂದು ಹಾಕಿದ. ಕೆಲಸ ಕಳೆದುಕೊಂಡ ಲೇತಿನವನ ಮನೆಗೆ ಓಡಿದ. "ತಪ್ಪು ನನ್ನ ಗುಂಡಿನದು, ಬಾರಯ್ಯಾ. ಮಾಲೀಕನಿಗೂ ಹೇಳಿದ್ದೇನೆ" ಎಂದ.

ಲೇತಿನವನು ಹೊಸ್ತಿಲು ದಾಟಲಿಲ್ಲ. "ಬೇರೆ ಕಡೆ ಸೇರಿ ನೋಡಿದೆ ಅಣ್ಣಾ. ಸರಿಯಾಗಿ ಕೊರೆಯುತ್ತಿದ್ದೇನೋ ಇಲ್ಲವೋ ಅಂತ ಒಂದೇ ಅನುಮಾನ. ಲೇತಿನ ಮುಂದೆ ನಿಂತರೆ ಕೈ ನಡುಗುತ್ತದೆ. ನೀವು ಅಂದದ್ದು ಈಗ ನಿಜವಾಗಿದೆ."

ಗುರುಗಳು ಕತೆ ನಿಲ್ಲಿಸಿದರು.

"ಎಂಥ ದಡ್ಡ!" ಎಂದ ಚನ್ನವೀರ. "ನಾನಾಗಿದ್ದರೆ ಮೊದಲು ಗುಂಡನ್ನೇ ನೋಡುತ್ತಿದ್ದೆ."

ಗುರುಗಳೆಂದರು, "ಅಕ್ಕಿ ಚೀಲ ಬೆಳಿಗ್ಗೆ ನಮ್ಮ ಉಗ್ರಾಣದಲ್ಲೇ ಸಿಕ್ಕಿತು, ನೀನು ಅಟ್ಟಿದ ಅಡುಗೆಯವನು ಯಾವ ದಾರಿ ಹಿಡಿದ, ಚನ್ನವೀರ?"